ಕಪ್ ಗೆದ್ದುಕೊಟ್ಟವನಿಗೂ ಗೇಟ್‌ಪಾಸ್

2025ರ ಮಾರ್ಚ್ 12, ಬುಧವಾರ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಕೂಪರ್ ಕಪ್ ಅವರನ್ನು ಕೈಬಿಟ್ಟಿತು. ವಯಸ್ಸು 31. ಅದೇ ವಾರದ ಭಾನುವಾರ ಇನ್ನೊಂದು ಸುದ್ದಿ ಬಂತು. ಸಿನ್ಸಿನಾಟಿ ಬೆಂಗಾಲ್ಸ್ ತಂಡ ಜಮಾರ್ ಚೇಸ್ ಎಂಬ ಆಟಗಾರನ ಜೊತೆ 4 ವರ್ಷಕ್ಕೆ 16.1 ಕೋಟಿ ಡಾಲರ್ ಒಪ್ಪಂದಕ್ಕೆ ಬಂದಿತ್ತು. ನಮ್ಮ ದುಡ್ಡಿನಲ್ಲಿ ಸಾವಿರದ ಮುನ್ನೂರು ಕೋಟಿ ರೂಪಾಯಿಗೂ ಜಾಸ್ತಿ. ವಯಸ್ಸು 25.

ಇಬ್ಬರದ್ದೂ ಒಂದೇ ಕೆಲಸ. ವೈಡ್ ರಿಸೀವರ್, ಅಂದರೆ ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವವರು. ಇಬ್ಬರೂ ಒಂದೊಂದು ಸೀಸನ್‌ನಲ್ಲಿ ಅತಿ ಹೆಚ್ಚು ಕ್ಯಾಚ್, ಅತಿ ಹೆಚ್ಚು ಗಜ, ಅತಿ ಹೆಚ್ಚು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಮೂರನ್ನೂ ಬಾಚಿಕೊಂಡವರು. ಇದಕ್ಕೆ ಅಲ್ಲಿ ಟ್ರಿಪಲ್ ಕ್ರೌನ್ ಅಂತಾರೆ. 1970ರಿಂದ ಈಚೆಗೆ ಇದನ್ನು ಸಾಧಿಸಿದವರು ಐದೇ ಜನ. ಕಪ್ 2021ರಲ್ಲಿ, ಚೇಸ್ 2024ರಲ್ಲಿ. 2022ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಫೈನಲ್‌ನಲ್ಲಿ ಇಬ್ಬರೂ ಎದುರುಬದುರು ಆಡಿದ್ದರು. ಅವತ್ತು ಗೆದ್ದದ್ದು ಕಪ್, ಪಂದ್ಯಶ್ರೇಷ್ಠ ಆದದ್ದೂ ಕಪ್.

ಮೂರು ವರ್ಷ ಕಳೆಯುವಷ್ಟರಲ್ಲಿ ಒಬ್ಬನಿಗೆ ಖಜಾನೆ, ಇನ್ನೊಬ್ಬನಿಗೆ ಗೇಟ್‌ಪಾಸ್. ಇದು ಹೇಗೆ?

(ಹೆಸರಿನ ಬಗ್ಗೆ ಒಂದು ಮಾತು. 'ಈ ಸಲ ಕಪ್ ನಮ್ದೇ' ಅಂತ 18 ಸೀಸನ್ ಜಪ ಮಾಡಿದ ನಮಗೆ ಕೂಪರ್ ಕಪ್ ಅನ್ನೋ ಹೆಸರು ಕೇಳಿದ ತಕ್ಷಣ ನಗು ಬರುತ್ತೆ. ರ‍್ಯಾಮ್ಸ್‌ನವರಿಗೆ ಕಪ್ ನಿಜಕ್ಕೂ ಅವರದ್ದೇ ಆಗಿತ್ತು. ಅವರೇ ಬಿಟ್ಟು ಕಳಿಸಿದರು.)

ಈ ಆಟ ನೋಡದವರಿಗೆ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಒಂದೊಂದು ಕಡೆ 11 ಜನ. ಚೆಂಡು ಇರುವ ತಂಡ ನಾಲ್ಕು ಪ್ರಯತ್ನದೊಳಗೆ ಕನಿಷ್ಠ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಹಿಡಿದುಕೊಂಡು ಓಡಬಹುದು, ಇಲ್ಲವೇ ಎಸೆಯಬಹುದು. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಹಿಡಿಯುವವರಲ್ಲಿ ಮುಖ್ಯ ವೈಡ್ ರಿಸೀವರ್. ಮೈದಾನದ ಅಂಚಿನಲ್ಲಿ ನಿಂತಿರುತ್ತಾನೆ, ಶಿಳ್ಳೆ ಹೊಡೆದಂತೆ ಶುರುವಾದೊಡನೆ ಓಡುತ್ತಾನೆ, ತಿರುಗುತ್ತಾನೆ, ಹಿಡಿಯುತ್ತಾನೆ. ಹಿಡಿದ ಮರುಕ್ಷಣ ನೂರು ಕಿಲೋ ತೂಕದವನೊಬ್ಬ ಬಂದು ಗುದ್ದುತ್ತಾನೆ.

ಈ ಕೆಲಸದ ಒಂದು ಗುಣ ಮೊದಲೇ ತಿಳಿದಿರಬೇಕು. ರಿಸೀವರ್ ತಾನಾಗಿ ಏನೂ ಮಾಡಲಾರ. ಬ್ಯಾಟ್ಸ್‌ಮನ್‌ಗೆ ಬೌಲರ್ ಚೆಂಡು ಹಾಕಲೇಬೇಕು. ರಿಸೀವರ್‌ಗೆ ಹಾಗಿಲ್ಲ. ಎಷ್ಟೇ ಚೆನ್ನಾಗಿ ಬಿಡಿಸಿಕೊಂಡು ಓಡಿದರೂ ಕ್ವಾರ್ಟರ್‌ಬ್ಯಾಕ್ ಅವನ ಕಡೆ ನೋಡದಿದ್ದರೆ ಅವನ ಲೆಕ್ಕದಲ್ಲಿ ಸೊನ್ನೆ. ಹೀಗಾಗಿ ಅವನ ಬೆಲೆಯೂ ಅರ್ಧ ಬೇರೆಯವರ ಕೈಯಲ್ಲೇ ಇರುತ್ತೆ.

ಕಪ್ ಹುಟ್ಟಿದ್ದು 1993ರಲ್ಲಿ, ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಿನಲ್ಲಿ. ಸೇಬು ಮತ್ತು ಬಿಯರ್‌ಗೆ ಹಾಕುವ ಹಾಪ್ಸ್ ಬೆಳೆಯುವ ಸೀಮೆ. ಫುಟ್‌ಬಾಲ್ ಮನೆಯಲ್ಲೇ ಇತ್ತು. ತಾತ ಜೇಕ್ ಕಪ್ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಲ್ಲಿ ಆಡಿದವರು. ಅಪ್ಪ ಕ್ರೇಗ್ ಕ್ವಾರ್ಟರ್‌ಬ್ಯಾಕ್ ಆಗಿ ಕೆಲಕಾಲ ಎನ್‌ಎಫ್‌ಎಲ್‌ನಲ್ಲಿದ್ದವರು. ಇಷ್ಟಿದ್ದೂ ಹೈಸ್ಕೂಲ್ ಮುಗಿಸಿದಾಗ ದೊಡ್ಡ ಕಾಲೇಜು ಯಾವುದೂ ಕರೆಯಲಿಲ್ಲ. ಮೈ ಸಣ್ಣ, ವೇಗ ಕಮ್ಮಿ. ಕರೆದದ್ದು ಈಸ್ಟರ್ನ್ ವಾಷಿಂಗ್ಟನ್ ಎಂಬ ಎರಡನೇ ದರ್ಜೆಯ ವಿಶ್ವವಿದ್ಯಾಲಯ. ಅಲ್ಲಿನ ಮೈದಾನದ ಹುಲ್ಲಿಗೆ ಕೆಂಪು ಬಣ್ಣ. ನಿಜವಾಗಿಯೂ ಕೆಂಪು! ಕುಂಕುಮ ಚೆಲ್ಲಿದ ಹಾಗೆ. ಟೀವಿಯಲ್ಲಿ ನೋಡಿದರೆ ಕಣ್ಣು ಚುಚ್ಚುತ್ತೆ.

ಆ ಕೆಂಪು ಹುಲ್ಲಿನ ಮೇಲೆ ನಾಲ್ಕು ವರ್ಷದಲ್ಲಿ 428 ಕ್ಯಾಚ್, 6,464 ಗಜ, 73 ಟಚ್‌ಡೌನ್. ಆದರೂ 2017ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ಹೆಸರು ಬಂದದ್ದು 69ನೆಯದಾಗಿ, ಮೂರನೇ ಸುತ್ತಿನಲ್ಲಿ. ಡ್ರಾಫ್ಟ್‌ಗೆ ಮುಂಚೆ 40 ಗಜ ಓಟದ ಪರೀಕ್ಷೆ ಇರುತ್ತೆ. ಕಪ್ ತೆಗೆದುಕೊಂಡದ್ದು 4.62 ಸೆಕೆಂಡ್. ರಿಸೀವರ್‌ಗಳಲ್ಲಿ ಇದು ನಿಧಾನ ಅಂತಲೇ ಲೆಕ್ಕ.

ಹಾಗಾದರೆ ಇವರು ಗೆದ್ದದ್ದು ಹೇಗೆ? ಓಟದಿಂದಲ್ಲ, ನಿಲ್ಲುವುದರಿಂದ. ರಿಸೀವರ್‌ಗಳು ಓಡುವ ದಾರಿಗೆ 'ರೂಟ್' ಅಂತಾರೆ. ಎಲ್ಲ ರೂಟೂ ಮೊದಲೇ ಬರೆದಿಟ್ಟದ್ದಲ್ಲ. ಕೆಲವು ಆಯ್ಕೆಯ ರೂಟ್‌ಗಳು. ಹತ್ತು ಗಜ ಓಡಬೇಕು, ಎದುರು ನಿಂತ ರಕ್ಷಕನ ಸೊಂಟ ಯಾವ ಕಡೆ ವಾಲಿದೆ ನೋಡಬೇಕು, ಅದರ ವಿರುದ್ಧ ದಿಕ್ಕಿಗೆ ಮುರಿಯಬೇಕು. ರಕ್ಷಕನ ಕಣ್ಣು, ಭುಜ ಸುಳ್ಳು ಹೇಳಬಹುದು, ಸೊಂಟ ಹೇಳಲ್ಲ. ಕಬಡ್ಡಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕಷ್ಟ ಏನೆಂದರೆ, ರಿಸೀವರ್ ತಿರುಗುವ ಮೊದಲೇ ಕ್ವಾರ್ಟರ್‌ಬ್ಯಾಕ್ ಚೆಂಡು ಬಿಟ್ಟಿರಬೇಕು. ಅಂದರೆ ಇಬ್ಬರೂ ಆ ಸೊಂಟವನ್ನು ಒಂದೇ ಥರ ಓದಿರಬೇಕು. ಒಬ್ಬ ಎಡ ಅಂದುಕೊಂಡು ಇನ್ನೊಬ್ಬ ಬಲ ಅಂದುಕೊಂಡರೆ ಚೆಂಡು ಎದುರಾಳಿಯ ಕೈಗೆ.

2021ರಲ್ಲಿ ಡೆಟ್ರಾಯಿಟ್‌ನಿಂದ ಮ್ಯಾಥ್ಯೂ ಸ್ಟ್ಯಾಫರ್ಡ್ ಎಂಬ ಕ್ವಾರ್ಟರ್‌ಬ್ಯಾಕ್ ರ‍್ಯಾಮ್ಸ್‌ಗೆ ಬಂದರು. ಇಬ್ಬರೂ ಬೆಳಗಿನ ತಿಂಡಿಗೆ ಜೊತೆಯಲ್ಲಿ ಕೂತು ಎದುರಾಳಿಯ ಆಟದ ವಿಡಿಯೊ ನೋಡುತ್ತಿದ್ದರು. ಆ ವರ್ಷ ಕಪ್ ಲೆಕ್ಕ: 145 ಕ್ಯಾಚ್, 1,947 ಗಜ, 16 ಟಚ್‌ಡೌನ್. ಒಂದು ಸೀಸನ್‌ನ ಗಜದ ದಾಖಲೆ ಕ್ಯಾಲ್ವಿನ್ ಜಾನ್ಸನ್ ಅವರದ್ದು, 2012ರ 1,964. ಅದಕ್ಕೆ ಬರೀ 17 ಗಜ ಕಮ್ಮಿ. ಕಪ್‌ಗೆ ಒಂದು ಪಂದ್ಯ ಜಾಸ್ತಿ ಸಿಕ್ಕಿತ್ತು, ಅದನ್ನೂ ಹೇಳಬೇಕು. ಸೀಸನ್ 16ರಿಂದ 17 ಪಂದ್ಯಕ್ಕೆ ಏರಿದ್ದು ಅದೇ ವರ್ಷ.

ಇನ್ನು ಆ ಫೈನಲ್. 2022ರ ಫೆಬ್ರವರಿ 13, ರ‍್ಯಾಮ್ಸ್‌ನ ಸ್ವಂತ ಅಂಗಳ ಸೋಫೈ ಸ್ಟೇಡಿಯಂ. ಕೊನೆಯ ಕ್ವಾರ್ಟರ್, ರ‍್ಯಾಮ್ಸ್ 16, ಬೆಂಗಾಲ್ಸ್ 20. ತಂಡದ ಇನ್ನೊಬ್ಬ ಮುಖ್ಯ ರಿಸೀವರ್ ಓಡೆಲ್ ಬೆಕಮ್ ಮೊದಲಾರ್ಧದಲ್ಲೇ ಮಂಡಿ ಮುರಿದುಕೊಂಡು ಹೊರಗೆ. ಹಾಗಾಗಿ ಚೆಂಡು ಕಪ್‌ಗೇ ಹೋಗುತ್ತೆ ಅಂತ ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತು, ಪಾಪ್‌ಕಾರ್ನ್ ಮಾರುವವನಿಗೂ ಗೊತ್ತು. ನಾಲ್ಕನೇ ಪ್ರಯತ್ನ, ಒಂದು ಗಜ ಬೇಕು, ನಿಂತಿರುವುದು ತಮ್ಮದೇ 30 ಗಜದ ಗೆರೆಯಲ್ಲಿ. ತಪ್ಪಿದರೆ ಕಥೆ ಮುಗಿದ ಹಾಗೆ. ಸ್ಟ್ಯಾಫರ್ಡ್ ಎಸೆಯಲಿಲ್ಲ. ಅಡ್ಡಕ್ಕೆ ಓಡಿ ಬಂದ ಕಪ್ ಕೈಗೇ ಚೆಂಡು ಕೊಟ್ಟರು. 7 ಗಜ. ಸ್ವಲ್ಪ ಹೊತ್ತಿಗೆ ಸ್ಟ್ಯಾಫರ್ಡ್ ಒಂದು ಕಡೆ ನೋಡುತ್ತಾ ಇನ್ನೊಂದು ಕಡೆ ಎಸೆದರು. ರಕ್ಷಕ ಆ ಕಣ್ಣನ್ನು ನಂಬಿ ಒಂದು ಹೆಜ್ಜೆ ಸರಿದ. ಅವನು ಬಿಟ್ಟ ಜಾಗದಲ್ಲಿ ಕಪ್ ಇದ್ದರು, 22 ಗಜ. ನೋಡದೆ ಎಸೆಯಬೇಕಾದರೆ ಅವನು ಎಲ್ಲಿರುತ್ತಾನೆ ಅಂತ ಎಷ್ಟು ನಂಬಿಕೆ ಇರಬೇಕು! ತಿಂಡಿ ಹೊತ್ತಿನ ವಿಡಿಯೊ ಅಂದೆನಲ್ಲ, ಅದು ಇದು. 1 ನಿಮಿಷ 25 ಸೆಕೆಂಡ್ ಉಳಿದಿರುವಾಗ ಒಂದು ಗಜದ ಪುಟ್ಟ ಎಸೆತ, ಕಪ್ ಕೈಯಲ್ಲಿ ಟಚ್‌ಡೌನ್. 23-20.

ಆ ಜೂನ್‌ನಲ್ಲಿ ರ‍್ಯಾಮ್ಸ್ ಹೊಸ ಒಪ್ಪಂದ ಕೊಟ್ಟಿತು. ಹಳೆಯ ಒಪ್ಪಂದದಲ್ಲಿ ಉಳಿದದ್ದೂ ಸೇರಿ 5 ವರ್ಷಕ್ಕೆ 11 ಕೋಟಿ ಡಾಲರ್. 2026ರ ಸೀಸನ್‌ವರೆಗೆ. ಅದರಲ್ಲಿ ಗ್ಯಾರಂಟಿ 7.5 ಕೋಟಿ.

ಇಲ್ಲಿ ನಿಲ್ಲಿ. ಗ್ಯಾರಂಟಿ ಅಂದ ಕೂಡಲೇ ನಮಗೆ ಉಚಿತ ಬಸ್ಸು, ಇನ್ನೂರು ಯೂನಿಟ್ ಕರೆಂಟು ನೆನಪಾಗುತ್ತೆ. ಎನ್‌ಎಫ್‌ಎಲ್‌ನಲ್ಲಿ ಗ್ಯಾರಂಟಿ ಅನ್ನೋದು ಆಟಗಾರನ ಇಡೀ ಬದುಕು. ಪತ್ರಿಕೆಯ ತಲೆಬರಹದಲ್ಲಿ ಬರುವ ದೊಡ್ಡ ಮೊತ್ತ ತಂಡ ಕೊಡಬಹುದಾದ ದುಡ್ಡು, ಕೊಡಲೇಬೇಕಾದ ದುಡ್ಡಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಲೀಗ್‌ಗಳಲ್ಲಿ ಸಹಿ ಹಾಕಿದರೆ ಸಾಮಾನ್ಯವಾಗಿ ಪೂರ್ತಿ ದುಡ್ಡು ಬಂದ ಹಾಗೆ. ಫುಟ್‌ಬಾಲ್‌ನಲ್ಲಿ ಹಾಗಲ್ಲ. ಗ್ಯಾರಂಟಿ ಮುಗಿದ ಮೇಲಿನ ವರ್ಷಗಳಲ್ಲಿ ತಂಡ ಒಂದು ಬೆಳಗ್ಗೆ 'ಸಾಕು' ಅಂದರೆ ಆಟಗಾರ ಮನೆಗೆ. ಆಟಗಾರನೇ 'ಸಾಕು' ಅಂದರೆ? ಬೇರೆ ತಂಡಕ್ಕೆ ಹೋಗುವ ಹಾಗಿಲ್ಲ. ಒಪ್ಪಂದ ಕಟ್ಟಿಹಾಕುವುದು ಒಂದೇ ಕಡೆಯವರನ್ನು. ಬಾಡಿಗೆ ಮನೆ ಕರಾರಿನಲ್ಲಿ ಓನರ್ ಯಾವಾಗ ಬೇಕಾದರೂ ಬಿಡಿಸಬಹುದು, ಬಾಡಿಗೆಯವನು ಮಾತ್ರ ಐದು ವರ್ಷ ಅಲ್ಲಾಡಬಾರದು ಅಂತ ಬರೆದಿದ್ದರೆ ಹೇಗಿರುತ್ತೆ, ಹಾಗೆ.

ತಂಡಗಳು ಯಾಕೆ ಹೀಗೆ ಕೈಬಿಡುತ್ತವೆ ಅನ್ನುವುದಕ್ಕೆ ಸ್ಯಾಲರಿ ಕ್ಯಾಪ್ ಕಾರಣ. ಐಪಿಎಲ್‌ನಲ್ಲಿ ಹರಾಜಿಗೆ ಪರ್ಸ್ ಇದೆಯಲ್ಲ, ಅದೇ ಥರ. 2025ರಲ್ಲಿ ಪ್ರತಿ ತಂಡಕ್ಕೆ 27.92 ಕೋಟಿ ಡಾಲರ್. ಅದರಲ್ಲೇ 53 ಜನರ ತಂಡ ಕಟ್ಟಬೇಕು. ಒಬ್ಬ ರಿಸೀವರ್‌ಗೆ 2 ಕೋಟಿ ಕೊಟ್ಟರೆ ಉಳಿದವರ ಪಾಲಿನಲ್ಲಿ ಅಷ್ಟು ಕಡಿತ. ಕಪ್‌ಗೆ 2025ಕ್ಕೆ ಬರಬೇಕಿದ್ದದ್ದು ಸುಮಾರು ಅಷ್ಟೇ, 2 ಕೋಟಿ.

ಮಾರ್ಚ್ ತಿಂಗಳೇ ಯಾಕೆ? ಲೀಗ್‌ನ ಹೊಸ ಲೆಕ್ಕದ ವರ್ಷ ಶುರುವಾಗುವುದು ಮಾರ್ಚ್ ಮಧ್ಯದಲ್ಲಿ. ಅನೇಕ ಒಪ್ಪಂದಗಳಲ್ಲಿ 'ಇಂಥ ದಿನ ನೀನು ತಂಡದಲ್ಲಿದ್ದರೆ ಇಷ್ಟು ಬೋನಸ್' ಅಂತ ಬರೆದಿರುತ್ತೆ. ಆ ದಿನಕ್ಕೆ ಮುಂಚೆ ಕಳಿಸಿದರೆ ಉಳಿತಾಯ. ನಮ್ಮಲ್ಲಿ ಮಾರ್ಚ್ ಎಂಡ್ ಅಂದರೆ ಲೆಕ್ಕಪತ್ರದವರಿಗೆ ನಿದ್ದೆ ಇಲ್ಲ. ಅಲ್ಲಿ ಮೂವತ್ತು ದಾಟಿದ ಆಟಗಾರರಿಗೆ ನಿದ್ದೆ ಇಲ್ಲ.

ದೊಡ್ಡ ಮೊತ್ತ ಎಷ್ಟು ಪೊಳ್ಳು ಅನ್ನುವುದಕ್ಕೆ ಡವಾಂಟೆ ಆಡಮ್ಸ್ ಅವರ ಒಪ್ಪಂದ ನೋಡಿ. 2022ರಲ್ಲಿ ಲಾಸ್ ವೇಗಸ್ ರೈಡರ್ಸ್ ಜೊತೆ 5 ವರ್ಷಕ್ಕೆ 14 ಕೋಟಿ ಡಾಲರ್ ಅಂತ ಸುದ್ದಿಯಾಯಿತು. ಅದರಲ್ಲಿ ಕೊನೆಯ ಎರಡು ವರ್ಷಕ್ಕೆ ಬರೆದದ್ದು ವರ್ಷಕ್ಕೆ 3.5 ಕೋಟಿಗೂ ಹೆಚ್ಚು, ಗ್ಯಾರಂಟಿ ಇಲ್ಲದೆ. ಅದು ಯಾರೂ ಕೊಡಲು ಬರೆದದ್ದಲ್ಲ, ಯಾರೂ ಪಡೆಯುತ್ತೇನೆ ಅಂದುಕೊಂಡದ್ದೂ ಅಲ್ಲ. ಸರಾಸರಿ ದೊಡ್ಡದಾಗಿ ಕಾಣಲಿ ಅಂತ ಹಾಕಿದ ಗಾಳಿ. ಏಜೆಂಟ್‌ಗೂ ಖುಷಿ, ತಂಡಕ್ಕೂ ಚಿಂತೆಯಿಲ್ಲ. ಆ ವರ್ಷಗಳು ಹತ್ತಿರ ಬಂದಾಗ ಆಡಮ್ಸ್ ನ್ಯೂಯಾರ್ಕ್ ಜೆಟ್ಸ್‌ನಲ್ಲಿದ್ದರು. ಜೆಟ್ಸ್ ಅವರನ್ನು ಬಿಟ್ಟಿತು. ಯಾವಾಗ? 2025ರ ಮಾರ್ಚ್‌ನಲ್ಲಿ.

ಕಪ್ ವಿಷಯಕ್ಕೆ ವಾಪಸ್ ಬರೋಣ. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಏನಾಯಿತು? 2022ರ ನವೆಂಬರ್‌ನಲ್ಲಿ ಕಣಕಾಲು ತಿರುಚಿತು. ಆಪರೇಷನ್, ಆ ಸೀಸನ್ ಅಲ್ಲಿಗೆ ಮುಗಿಯಿತು. 2023ರ ಶುರುವಿನಲ್ಲೇ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಬದಿಯ ಸ್ನಾಯು. 2024ರಲ್ಲಿ ಮತ್ತೆ ಕಣಕಾಲು. ಮೂರು ಸೀಸನ್‌ನ 51 ಪಂದ್ಯಗಳಲ್ಲಿ ಆಡಿದ್ದು 33. ಮೂರೂ ವರ್ಷ ಸೇರಿಸಿ 2,259 ಗಜ. 2021 ಒಂದೇ ವರ್ಷದಲ್ಲಿ 1,947 ಮಾಡಿದ್ದರು ಅನ್ನೋದನ್ನು ಪಕ್ಕದಲ್ಲಿಟ್ಟು ನೋಡಿ.

ಹ್ಯಾಮ್‌ಸ್ಟ್ರಿಂಗ್ ಬಗ್ಗೆ ಸ್ವಲ್ಪ ಹೇಳಬೇಕು. ಇದು ರಿಸೀವರ್‌ಗಳ ಪಾಲಿನ ಶನಿ. ವೇಗ ಕೊಡುವ ಸ್ನಾಯು ಅಷ್ಟೇ ಅಲ್ಲ, ಅದು ಬ್ರೇಕೂ ಹೌದು. ಪೂರ್ತಿ ವೇಗದಲ್ಲಿ ಓಡುವಾಗ ಮುಂದಕ್ಕೆ ಚಾಚಿದ ಕಾಲನ್ನು ಹಿಡಿದು ನಿಲ್ಲಿಸುವುದು ಅದೇ. ಸುಮ್ನೆ ನೇರ ಓಡುವವನಿಗೆ ಅದರ ಮೇಲೆ ಒಂದು ಬಗೆಯ ಎಳೆತ. ಓಡಿ, ತಟ್ಟನೆ ನಿಂತು, ತಿರುಗುವವನಿಗೆ ಇನ್ನೂ ಜಾಸ್ತಿ. ಅಂದರೆ ಯಾವುದು ಕಪ್‌ಗೆ ಅನ್ನ ಕೊಟ್ಟಿತೋ, ಆ ನಿಲ್ಲುವ ಕಲೆಯೇ ಸ್ನಾಯುವನ್ನು ಸವೆಸುತ್ತೆ. ಮೂಳೆ ಮುರಿದರೆ ಎಕ್ಸ್‌ರೇಯಲ್ಲಿ ಕಾಣುತ್ತೆ, ಕೂಡಿಕೊಂಡಿದ್ದೂ ಕಾಣುತ್ತೆ. ಇದು ವಾಸಿಯಾಯಿತು ಅಂತ ಮೈದಾನಕ್ಕೆ ಇಳಿದ ಮೇಲೆ ಮತ್ತೆ ಹಿಡಿದುಕೊಳ್ಳುತ್ತೆ. ಜೊತೆಗೆ ಕಪ್ ಸುಮ್ಮನೆ ಹಿಡಿಯುವವರಾಗಿರಲಿಲ್ಲ. ರ‍್ಯಾಮ್ಸ್ ಕೋಚ್ ಶಾನ್ ಮೆಕ್‌ವೇ ಅವರನ್ನು ಎರಡೂ ತಂಡದ ದಪ್ಪ ಆಟಗಾರರು ಎದುರುಬದುರು ನಿಲ್ಲುವ ಸಾಲಿನ ಹತ್ತಿರಕ್ಕೆ ತಂದು ನಿಲ್ಲಿಸುತ್ತಿದ್ದರು. ಬೇರೆಯವರು ಚೆಂಡು ಹಿಡಿದು ಓಡುವಾಗ ತಮಗಿಂತ ಎಷ್ಟೋ ದಪ್ಪ ಇರುವವರನ್ನು ಅಡ್ಡಗಟ್ಟುವುದು ಕಪ್ ಕೆಲಸ. ಅದು ಅಂಕಿಅಂಶದಲ್ಲಿ ಎಲ್ಲೂ ಬರಲ್ಲ. ಬಿಲ್ಲು ಮಾತ್ರ ಮೈಯಿಗೆ ಬರುತ್ತೆ.

ಮಂಡಿಯ ಲೆಕ್ಕ ಬೇರೆ. 2018ರ ನವೆಂಬರ್‌ನಲ್ಲೇ ಎಡ ಮಂಡಿಯ ಲಿಗಮೆಂಟ್ ಹರಿದಿತ್ತು. ಆ ಸೀಸನ್‌ನಲ್ಲಿ ರ‍್ಯಾಮ್ಸ್ ಸೂಪರ್ ಬೌಲ್‌ಗೆ ಹೋಯಿತು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ಬರೀ 3 ಅಂಕ ಗಳಿಸಿ 13-3ರಲ್ಲಿ ಸೋತಿತು. ಕಪ್ ಮೈದಾನದ ಹೊರಗೆ ನಿಂತು ನೋಡಿದರು.

ಗಾಯ ಒಂದೇ ಆಗಿದ್ದರೆ ರ‍್ಯಾಮ್ಸ್ ಕಾಯುತ್ತಿತ್ತೇನೋ. ಆದರೆ 2023ರಲ್ಲಿ ಕಪ್ ಹ್ಯಾಮ್‌ಸ್ಟ್ರಿಂಗ್ ಹಿಡಿದು ಕೂತಿರುವಾಗ ಪೂಕಾ ನಕುವಾ ಎಂಬ ಹುಡುಗ ಬಂದ. ಡ್ರಾಫ್ಟ್‌ನ ಐದನೇ ಸುತ್ತು, 177ನೇ ಆಯ್ಕೆ. ಮೊದಲ ವರ್ಷವೇ 105 ಕ್ಯಾಚ್, 1,486 ಗಜ. ಹೊಸಬನೊಬ್ಬ ಅಷ್ಟು ಮಾಡಿದ್ದು ದಾಖಲೆ. ಅವನ ನಾಲ್ಕು ವರ್ಷದ ಪೂರ್ತಿ ಒಪ್ಪಂದದ ಮೊತ್ತ ಸುಮಾರು 40 ಲಕ್ಷ ಡಾಲರ್. ಕಪ್‌ಗೆ ಒಂದೇ ವರ್ಷಕ್ಕೆ ಕೊಡಬೇಕಿದ್ದ ದುಡ್ಡಿನ ಐದನೇ ಒಂದು ಭಾಗ!

ಇಡೀ ವ್ಯವಹಾರದ ಗುಟ್ಟು ಇರುವುದು ಇಲ್ಲೇ. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಮಾಡಿಕೊಂಡ ಕಾರ್ಮಿಕ ಒಪ್ಪಂದದ ನಂತರ ಹೊಸಬರ ಸಂಬಳ ಬಹುಪಾಲು ಆಯ್ಕೆಯ ಸಂಖ್ಯೆಯ ಮೇಲೆ ನಿಗದಿ. ಮೂರು ಸೀಸನ್ ಮುಗಿಯುವವರೆಗೆ ಒಪ್ಪಂದ ಬದಲಿಸುವ ಹಾಗೇ ಇಲ್ಲ. ಎಷ್ಟೇ ಚೆನ್ನಾಗಿ ಆಡಲಿ. ಆಡುವವನ ಕಾಲು ಅತ್ಯಂತ ಗಟ್ಟಿಯಾಗಿರುವ ವರ್ಷಗಳು ತಂಡಕ್ಕೆ ಅಗ್ಗದಲ್ಲಿ ಸಿಗುತ್ತವೆ. ದುಡ್ಡು ಕೇಳುವ ಹಕ್ಕು ಬರುವ ಹೊತ್ತಿಗೆ ಕಾಲು ದಣಿದಿರುತ್ತೆ. ಆಟಗಾರ ನಿನ್ನೆಯ ಲೆಕ್ಕ ತೋರಿಸಿ ಬೆಲೆ ಕೇಳುತ್ತಾನೆ, ತಂಡ ನಾಳೆಯ ಲೆಕ್ಕ ಹಾಕಿ ಜಾಗ ಕೊಡುತ್ತೆ. ಕಪ್ 11 ಕೋಟಿ ಪಡೆದದ್ದು 2021ಕ್ಕೆ ಬಹುಮಾನವಾಗಿ. ಕೈಬಿಟ್ಟದ್ದು 2025ಕ್ಕೆ ಹೆದರಿ. ಎರಡೂ ಒಂದೇ ಆಫೀಸಿನಲ್ಲಿ ತೀರ್ಮಾನವಾದವು.

ರಿಸೀವರ್‌ಗಳ ಬೆಲೆ ಇಷ್ಟು ಏರಿದ್ದಾದರೂ ಯಾಕೆ? ಬೇರು 1978ರಲ್ಲಿದೆ. ಐದು ಗಜದ ಆಚೆ ರಿಸೀವರ್‌ನ ಮೈ ಮುಟ್ಟಿ ತಡೆಯುವಂತಿಲ್ಲ ಅಂತ ನಿಯಮ ಬಂದದ್ದು ಆಗ. ಮುಂದೆ 2004ರಲ್ಲಿ ಅದನ್ನು ಬಿಗಿಯಾಗಿ ಜಾರಿ ಮಾಡಿದರು. ಎಸೆಯುವ ಆಟ ಬೆಳೆಯಿತು, ಹಿಡಿಯುವವನ ಬೆಲೆ ಏರಿತು. 2024ರಲ್ಲಿ ಮಿನೆಸೋಟ ವೈಕಿಂಗ್ಸ್‌ನ ಜಸ್ಟಿನ್ ಜೆಫರ್ಸನ್ 4 ವರ್ಷಕ್ಕೆ 14 ಕೋಟಿಗೆ ಸಹಿ ಹಾಕಿದರು. ಮರುವರ್ಷ ಚೇಸ್ 16.1 ಕೋಟಿ, ಅದರಲ್ಲಿ 11.2 ಕೋಟಿ ಗ್ಯಾರಂಟಿ.

ಜೆಫರ್ಸನ್ ವೈಕಿಂಗ್ಸ್‌ಗೆ ಬಂದ ಕಥೆಯೂ ಇದೇ ಥರ. 2020ರಲ್ಲಿ ಆ ತಂಡದ ರಿಸೀವರ್ ಸ್ಟೆಫಾನ್ ಡಿಗ್ಸ್ ಮುನಿಸಿಕೊಂಡಿದ್ದರು. ಅವರನ್ನು ಬಫಲೊ ತಂಡಕ್ಕೆ ದಾಟಿಸಿ, ಬದಲಿಗೆ ಸಿಕ್ಕ 22ನೇ ಆಯ್ಕೆಯಲ್ಲಿ ಜೆಫರ್ಸನ್‌ನನ್ನು ತಂದರು. ಮೊದಲ ವರ್ಷವೇ 1,400 ಗಜ. ಕೆನ್ಸಾಸ್ ಸಿಟಿ ಚೀಫ್ಸ್ 2022ರಲ್ಲಿ ಟೈರೀಕ್ ಹಿಲ್ ಎಂಬ ಮಿಂಚಿನ ಓಟಗಾರನನ್ನು ಮಯಾಮಿಗೆ ಕೊಟ್ಟುಬಿಟ್ಟಿತು. ಮುಗಿಯಿತು ಇವರ ಕಥೆ ಅಂದರು ಜನ. ಚೀಫ್ಸ್ ಮುಂದಿನ ಎರಡೂ ಸೂಪರ್ ಬೌಲ್ ಗೆದ್ದಿತು. ಇದನ್ನೆಲ್ಲ ನೋಡಿದ ಮ್ಯಾನೇಜರ್‌ಗಳು 'ರಿಸೀವರ್ ಹೋದರೆ ಇನ್ನೊಬ್ಬ ಬರ್ತಾನೆ ಬಿಡು' ಅಂದುಕೊಂಡರೆ ತಪ್ಪೇನೂ ಇಲ್ಲ.

ಆದರೆ ಯಾವಾಗಲೂ ಹಾಗೆ ಆಗಲ್ಲ. ಅದೇ 2022ರಲ್ಲಿ ಟೆನೆಸ್ಸೀ ಟೈಟನ್ಸ್ ಎ.ಜೆ. ಬ್ರೌನ್‌ಗೆ ದುಡ್ಡು ಕೊಡಲು ಹಿಂದೆಮುಂದೆ ನೋಡಿ ಫಿಲಡೆಲ್ಫಿಯಾಗೆ ಕಳಿಸಿತು. ಬದಲಿಗೆ ಬಂದ ಆಯ್ಕೆಯಲ್ಲಿ ತಂದ ಹುಡುಗ ಸರಿಯಾಗಿ ನಿಲ್ಲಲೇ ಇಲ್ಲ. ಡಿಸೆಂಬರ್‌ನಲ್ಲಿ ಬ್ರೌನ್ ತನ್ನ ಹಳೆಯ ತಂಡದ ಮೇಲೆ ಎರಡು ಟಚ್‌ಡೌನ್ ಹೊಡೆದರು. ಅದೇ ವಾರ ಟೈಟನ್ಸ್‌ನ ಜನರಲ್ ಮ್ಯಾನೇಜರ್ ಕೆಲಸ ಹೋಯಿತು. ಅಗ್ಗದ ಹುಡುಗ ಸಿಕ್ಕೇ ಸಿಗುತ್ತಾನೆ ಅಂತ ಯಾರೂ ಗ್ಯಾರಂಟಿ ಕೊಟ್ಟಿರಲ್ಲ. ನಕುವಾ 177ನೇ ಆಯ್ಕೆಯಲ್ಲಿ ಸಿಕ್ಕಿದ್ದು ರ‍್ಯಾಮ್ಸ್‌ನ ಜಾಣತನ ಅಂತ ಹೇಳುವವರಿದ್ದಾರೆ. ನನಗೆ ಅರ್ಧ ಅದೃಷ್ಟ ಅನ್ನಿಸುತ್ತೆ. ಅಷ್ಟು ಗೊತ್ತಿದ್ದರೆ 177ರವರೆಗೆ ಕಾಯುತ್ತಿದ್ದರಾ?

ಮೇಲಿನ ಕೋಟಿಗಳೆಲ್ಲ ತುದಿಯಲ್ಲಿರುವವರದ್ದು. ಡ್ರಾಫ್ಟ್‌ಗೆ ಬಂದ ರಿಸೀವರ್‌ಗಳಲ್ಲಿ ಎರಡನೇ ಒಪ್ಪಂದ ನೋಡದವರೇ ಜಾಸ್ತಿ. ಸರಾಸರಿ ವೃತ್ತಿ ಬದುಕು ಮೂರು ವರ್ಷದ ಆಸುಪಾಸು ಅಂತ ಆಟಗಾರರ ಸಂಘ ಹೇಳುತ್ತಾ ಬಂದಿದೆ. ಲೀಗ್ ಒಪ್ಪಲ್ಲ. ಮೊದಲ ವರ್ಷ ತಂಡದಲ್ಲಿ ಜಾಗ ಗಿಟ್ಟಿಸಿದವರನ್ನಷ್ಟೇ ಲೆಕ್ಕ ಹಾಕಿದರೆ ಆರು ವರ್ಷದ ಹತ್ತಿರ ಬರುತ್ತೆ ಅನ್ನೋದು ಅದರ ವಾದ. ಇಬ್ಬರ ಲೆಕ್ಕವೂ ಸರಿಯೇ, ಯಾರನ್ನು ಎಣಿಸುತ್ತೀರಿ ಅನ್ನೋದರ ಮೇಲೆ. ನಾಲ್ಕು ಸೀಸನ್ ಮುಗಿದರೆ ಮಾತ್ರ ಬೇರೆ ತಂಡದ ಜೊತೆ ಮುಕ್ತವಾಗಿ ಮಾತಾಡುವ ಹಕ್ಕು ಬರುತ್ತೆ. ಸರಾಸರಿ ಮೂರು, ಹಕ್ಕು ನಾಲ್ಕಕ್ಕೆ!

ತುದಿಯಲ್ಲಿದ್ದವರಿಗೂ ಇಳಿಜಾರು ಹತ್ತಿರವೇ. ಒಂದು ಸೀಸನ್‌ನಲ್ಲಿ 149 ಕ್ಯಾಚ್ ಹಿಡಿದ ಮೈಕಲ್ ಥಾಮಸ್ 2019ರಲ್ಲಿ ಎಲ್ಲರ ಬಾಯಲ್ಲೂ ಇದ್ದರು. ಮರುವರ್ಷದ ಮೊದಲ ಪಂದ್ಯದಲ್ಲೇ ಕಣಕಾಲು ಹೋಯಿತು. ಆಮೇಲೆ ಹಳೆಯ ಥಾಮಸ್ ಮತ್ತೆ ಕಾಣಲಿಲ್ಲ. ಸೇಂಟ್ಸ್ ಅವರನ್ನು ಬಿಟ್ಟದ್ದು 2024ರ ಮಾರ್ಚ್‌ನಲ್ಲಿ, ತಿಂಗಳು ನೋಡಿ. ಗಜದ ದಾಖಲೆಯ ಒಡೆಯ ಕ್ಯಾಲ್ವಿನ್ ಜಾನ್ಸನ್ ಮೈ ಸಾಕಾಯಿತು ಅಂತ 30ಕ್ಕೇ ನಿವೃತ್ತಿ ಹೇಳಿದರು. ಅವರಿಗೆ ಮೊದಲೇ ಕೊಟ್ಟಿದ್ದ ಬೋನಸ್‌ನಲ್ಲಿ ಒಂದು ಪಾಲನ್ನು ಡೆಟ್ರಾಯಿಟ್ ಲಯನ್ಸ್ ವಾಪಸ್ ವಸೂಲು ಮಾಡಿತು. ಆ ಮುನಿಸು ವರ್ಷಗಟ್ಟಲೆ ಇತ್ತು. ಸಾರ್ವಕಾಲಿಕ ಶ್ರೇಷ್ಠ ಅನ್ನಿಸಿಕೊಂಡ ಜೆರ‍್ರಿ ರೈಸ್ ಇದ್ದಾರಲ್ಲ, 20 ಸೀಸನ್, 22,895 ಗಜ. ಅವರನ್ನೂ ಸ್ಯಾನ್ ಫ್ರಾನ್ಸಿಸ್ಕೊ 2001ರಲ್ಲಿ ಬಿಟ್ಟು ಕಳಿಸಿತ್ತು. ಒಂದೇ ತಂಡದಲ್ಲಿ 17 ಸೀಸನ್ ಆಡಿದ ಅರಿಜೋನಾದ ಲ್ಯಾರಿ ಫಿಟ್ಜೆರಾಲ್ಡ್ ಥರದವರು ಅಪರೂಪ.

2025ರ ಫೆಬ್ರವರಿ ಮೊದಲ ವಾರ ಕಪ್ ತಾವೇ ಸಾಮಾಜಿಕ ಜಾಲತಾಣದಲ್ಲಿ ಬರೆದುಕೊಂಡರು. ತಂಡ ನನ್ನನ್ನು ಬೇರೆಡೆಗೆ ಕೊಡಲು ಹೊರಟಿದೆ, ಈ ತೀರ್ಮಾನ ನನಗೆ ಒಪ್ಪಿಗೆಯಿಲ್ಲ, ಲಾಸ್ ಏಂಜಲೀಸ್‌ನಲ್ಲೇ ಮುಗಿಸಬೇಕು ಅಂದುಕೊಂಡಿದ್ದೆ ಅನ್ನೋ ಅರ್ಥದಲ್ಲಿ. ಗೊಣಗಾಟ ಇರಲಿಲ್ಲ, ನೋವು ಇತ್ತು. ಆ ಸಂಬಳಕ್ಕೆ ಕೊಳ್ಳುವವರು ಸಿಗಲಿಲ್ಲ. ಕೊನೆಗೆ ಬಿಟ್ಟರು. ರ‍್ಯಾಮ್ಸ್‌ನಲ್ಲಿ ಎಂಟು ವರ್ಷ, 634 ಕ್ಯಾಚ್, 7,776 ಗಜ, 57 ಟಚ್‌ಡೌನ್.

ಅವರ ಜಾಗಕ್ಕೆ ರ‍್ಯಾಮ್ಸ್ ತಂದದ್ದು ಯಾರನ್ನು ಗೊತ್ತಾ? ಜೆಟ್ಸ್ ಬಿಟ್ಟ ಅದೇ ಡವಾಂಟೆ ಆಡಮ್ಸ್. ಅವರು ಕಪ್‌ಗಿಂತ ಆರು ತಿಂಗಳು ದೊಡ್ಡವರು! ಎರಡು ವರ್ಷಕ್ಕೆ 4.4 ಕೋಟಿ ಡಾಲರ್. ಅಂದರೆ ವಯಸ್ಸು ಅನ್ನೋದು ಪೂರ್ತಿ ಉತ್ತರವಲ್ಲ, ದುಡ್ಡೂ ಅಲ್ಲ. ಮೈ ಎಷ್ಟು ಪಂದ್ಯಕ್ಕೆ ಸಿಗುತ್ತೆ ಅನ್ನೋದು ಒಂದು ಕಡೆ. ಕಪ್ ಮತ್ತು ನಕುವಾ ಆಡುವ ರೀತಿ, ಆಡುವ ಜಾಗ ಒಂದೇ ಥರ ಅನ್ನೋದು ಇನ್ನೊಂದು ಕಡೆ. ಅಂಚಿನಲ್ಲಿ ನಿಂತು ಒಬ್ಬಂಟಿ ರಕ್ಷಕನನ್ನು ಸೋಲಿಸುವವನು ಬೇಕಿತ್ತು, ಅದರಲ್ಲಿ ಆಡಮ್ಸ್ ಪಂಟರು. ಲೆಕ್ಕದಲ್ಲಿ ರ‍್ಯಾಮ್ಸ್ ಮಾಡಿದ್ದು ಸರಿ ಅಂತಲೇ ನನಗೆ ಅನ್ನಿಸುವುದು. ಆಡಮ್ಸ್ ಅಲ್ಲಿ ಟಚ್‌ಡೌನ್ ಮೇಲೆ ಟಚ್‌ಡೌನ್ ಹೊಡೆದರು ಕೂಡ. ಆದರೆ ಸಂಬಳ ಇಳಿಸಿಕೊಂಡು ಇಲ್ಲೇ ಇರಿ ಅಂತ ಕೂತು ಮಾತಾಡಿದ್ದರೆ ಕಪ್ ಒಪ್ಪುತ್ತಿದ್ದರೇನೋ ಅನ್ನೋ ಅನುಮಾನ ನನಗೆ ಇನ್ನೂ ಹೋಗಿಲ್ಲ.

ಮೂರು ದಿನ ಕಳೆಯುವ ಮೊದಲೇ ಸಿಯಾಟಲ್ ಸೀಹಾಕ್ಸ್ ಕರೆಯಿತು. 3 ವರ್ಷಕ್ಕೆ 4.5 ಕೋಟಿ ಡಾಲರ್‌ವರೆಗೆ. ಯಾಕಿಮಾದಿಂದ ಬೆಟ್ಟ ದಾಟಿದರೆ ಎರಡೂವರೆ ಗಂಟೆಯ ದಾರಿ, ಹುಟ್ಟಿದ ರಾಜ್ಯಕ್ಕೇ ವಾಪಸ್. ಅಲ್ಲಿ ಮೊದಲ ರಿಸೀವರ್ ಜ್ಯಾಕ್ಸನ್ ಸ್ಮಿತ್-ಎನ್‌ಜಿಗ್ಬಾ, ಕಪ್‌ಗಿಂತ ಎಂಟೂವರೆ ವರ್ಷ ಚಿಕ್ಕವರು. ಚೆಂಡು ಹೆಚ್ಚು ಹೋಗುವುದು ಅವರ ಕಡೆಗೆ. ಕಪ್‌ಗೆ ಆ ಸೀಸನ್‌ನಲ್ಲಿ ಬಂದದ್ದು 47 ಕ್ಯಾಚ್. 2021ರ ಲೆಕ್ಕದ ಮೂರನೇ ಒಂದು ಭಾಗವೂ ಇಲ್ಲ. ಅಡ್ಡಗಟ್ಟುವ ಕೆಲಸ ಮಾತ್ರ ಇಲ್ಲೂ ಬಿಡಲಿಲ್ಲ.

ಆ ಸೀಸನ್ ಸೀಹಾಕ್ಸ್ ಫೈನಲ್‌ಗೆ ಹೋಗಲು ಕೊನೆಯದಾಗಿ ಸೋಲಿಸಿದ ತಂಡ ರ‍್ಯಾಮ್ಸ್. 2026ರ ಫೆಬ್ರವರಿ 8ರಂದು ಫೈನಲ್‌ನಲ್ಲಿ ಎದುರಿಗೆ ಬಂದದ್ದು ಪೇಟ್ರಿಯಟ್ಸ್, ಏಳು ವರ್ಷದ ಹಿಂದೆ ಕಪ್ ಹರಿದ ಮಂಡಿ ಇಟ್ಟುಕೊಂಡು ಹೊರಗೆ ನಿಂತು ನೋಡಿದ್ದ ಅದೇ ತಂಡ. ಈ ಸಲ ಕಪ್ ಒಳಗಿದ್ದರು. ಸೀಹಾಕ್ಸ್ 29, ಪೇಟ್ರಿಯಟ್ಸ್ 13. ಕಪ್ ಅವರ ಒಪ್ಪಂದ ಕಾಗದದ ಮೇಲೆ 2027ರ ಸೀಸನ್‌ವರೆಗೆ ಇದೆ.